ನನ್ನ ಫ್ರೆಂಚ್ ಗಂಡ ಬೆಂಗಳೂರಿನಲ್ಲಿ ಊರಿನ ಊಟಕ್ಕೆ ಹಂಬಲಿಸುತ್ತಿದ್ದಾರೆ. ಒಳ್ಳೆಯ ಫ್ರೆಂಚ್ ಚೀಸ್ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಫ್ರಾನ್ಸಿನಿಂದ ಬಂದ ಗಂಡ, ಬೆಂಗಳೂರಿನ ಮನೆ, ಊಟಕ್ಕೆ ಕೂತಾಗ ಮಾತೇ ಇಲ್ಲ. ತಿಂಗಳಿಗೊಮ್ಮೆ ಆಮದು ಚೀಸ್ ತರಿಸೋಣವೇ, ಇಲ್ಲ ಫ್ರೆಂಚ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗೋಣವೇ ಎಂದು ಕೇಳಿದ್ದೀರಿ. ನಾನು ಎರಡನ್ನೂ ಮಾಡಿದವಳು. ಎರಡೂ ಬೇಡ ಅನ್ನುತ್ತೇನೆ.

ನಾನು ಮೈಸೂರಿನವಳು. ಓದಲಿಕ್ಕೆಂದು ರೆನ್ ಊರಿಗೆ ಹೋಗಿದ್ದೆ. ಅದು ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದ ರಾಜಧಾನಿ. ಅಲ್ಲೇ ಇವರ ಪರಿಚಯವಾಯಿತು, ಮದುವೆಯಾಯಿತು. ಕೆಲವು ವರ್ಷ ಕಳೆದು ಕೆಲಸದ ಸಲುವಾಗಿ ಬೆಂಗಳೂರಿಗೆ ಬಂದೆವು. ಮೊದಲ ಕೆಲವು ತಿಂಗಳು ಇವರಿಗೆ ಎಲ್ಲವೂ ಖುಷಿ. ಇಡ್ಲಿ ಇಷ್ಟ, ಬಿಸಿಬೇಳೆಬಾತ್ ಇಷ್ಟ, ಫಿಲ್ಟರ್ ಕಾಫಿ ಅಂತೂ ದಿನಾ ಬೇಕು. ಆಮೇಲೆ ನಿಧಾನಕ್ಕೆ ತಟ್ಟೆಯ ಮುಂದೆ ಸುಮ್ಮನಾದರು. ದೂರು ಹೇಳಲಿಲ್ಲ. ಬಡಿಸಿದ್ದನ್ನು ತಿಂದು, ತಟ್ಟೆ ತೊಳೆದಿಟ್ಟು ಎದ್ದು ಹೋಗುತ್ತಿದ್ದರು.

ಆಗ ನಾನು ಹಿಡಿದದ್ದು ಚೀಸಿನ ದಾರಿ. ಬ್ರೀ ತರಿಸಿದೆ, ಕಮಾಂಬೇರ್ ತರಿಸಿದೆ, ರಾಕ್‌ಫೋರ್ ತರಿಸಿದೆ. ವೈನ್ ಬೇರೆ. ಮರದ ಹಲಗೆಯ ಮೇಲೆ ದ್ರಾಕ್ಷಿ, ಅಕ್ರೋಟು ಎಲ್ಲ ಜೋಡಿಸಿ ಇಡುತ್ತಿದ್ದೆ. ಮನೆ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಇವರು ಒಂದೊಂದು ತುಂಡು ತಿಂದು "ಚೆನ್ನಾಗಿದೆ" ಅನ್ನುತ್ತಿದ್ದರು. ಅಷ್ಟೇ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇದನ್ನೇ ಮಾಡಲು ಹೊರಟಿದ್ದೀರಿ, ಅದಕ್ಕೆ.

ಮೊದಲನೆಯದು, ಕಮಾಂಬೇರಿನಂಥ ಮೆತ್ತನೆಯ ಚೀಸ್ ಪೆಟ್ಟಿಗೆಯೊಳಗೂ ಹಣ್ಣಾಗುತ್ತಲೇ ಇರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ತಂಪು ತಪ್ಪಿದರೆ ಸಾಕು, ಮನೆಗೆ ಬರುವಷ್ಟರಲ್ಲಿ ಅಮೋನಿಯಾ ವಾಸನೆ ಹೊಡೆಯುತ್ತದೆ. ಇನ್ನೊಂದು ವಿಷಯ. ನಾರ್ಮಂಡಿಯ ಅಸಲಿ ಕಮಾಂಬೇರನ್ನು ಹಸಿ ಹಾಲಿನಿಂದ ಮಾಡುತ್ತಾರೆ. ನನಗೆ ಇಲ್ಲಿ ಸಿಕ್ಕಿದ್ದೆಲ್ಲ ಪಾಶ್ಚರೀಕರಿಸಿದ ಹಾಲಿನದು. ಹೆಸರು ಅದೇ, ರುಚಿ ಅರ್ಧ. ಚಿಕ್ಕಂದಿನಿಂದ ತಿಂದವರಿಗೆ ಅದು ಊರನ್ನು ನೆನಪಿಸುವುದಕ್ಕಿಂತ ಊರು ಎಷ್ಟು ದೂರ ಅನ್ನುವುದನ್ನೇ ನೆನಪಿಸುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಇವರು ಬ್ರಿಟನಿಯವರು. ಬ್ರೀ ಪ್ಯಾರಿಸ್ ಸುತ್ತಮುತ್ತಲಿನದು, ರಾಕ್‌ಫೋರ್ ದಕ್ಷಿಣದ್ದು, ಕಮಾಂಬೇರ್ ಪಕ್ಕದ ನಾರ್ಮಂಡಿಯದು. ಬ್ರಿಟನಿಯಲ್ಲಿ ಹಸುಗಳಿಗೆ ಬರವಿಲ್ಲ, ಆದರೆ ಅಲ್ಲಿನ ಹಾಲು ಹಿಂದಿನಿಂದಲೂ ಬೆಣ್ಣೆಗೇ ಹೋಗಿದೆ. ಚೀಸಿಗೆ ಹೆಸರಾದ ನಾಡೇ ಅಲ್ಲ ಅದು. ಉಡುಪಿಯವರಿಗೆ ಊರು ನೆನಪಾಗಲಿ ಅಂತ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದ ಹಾಗಿತ್ತು ನನ್ನ ಕೆಲಸ.

ನಾನು ರೆನ್‌ನಲ್ಲಿ ಇದ್ದು ಬಂದವಳು, ನನಗೆ ಇದು ಹೊಳೆಯಬೇಕಿತ್ತು ಅಲ್ವಾ? ಶನಿವಾರ ಬೆಳಗ್ಗೆ ಅಲ್ಲಿನ ಲಿಸ್ ಸಂತೆಯಲ್ಲಿ ಜನ ಗಲೆಟ್‌ಗೆ ಸಾಲು ನಿಲ್ಲುವುದನ್ನು ಕಣ್ಣಾರೆ ನೋಡಿದ್ದೆ. ಕಪ್ಪು ಗೋಧಿಯ ತೆಳು ದೋಸೆಯೊಳಗೆ ಬಿಸಿ ಸಾಸೇಜ್ ಸುತ್ತಿ ಕೈಗೆ ಕೊಡುತ್ತಾರೆ, ನಿಂತಲ್ಲೇ ತಿನ್ನುತ್ತಾರೆ. ಫುಟ್‌ಬಾಲ್ ಪಂದ್ಯದ ದಿನ ಕ್ರೀಡಾಂಗಣದ ಹೊರಗೂ ಅದೇ. ಆದರೆ ನನ್ನ ಕಣ್ಣಿಗೆ ಅದು ಬೀದಿ ತಿಂಡಿ. ಗಂಡನಿಗೆ ಕೊಡುವುದು ದೊಡ್ಡದಾಗಿರಬೇಕು, ಹೆಸರುವಾಸಿಯಾಗಿರಬೇಕು ಎಂದುಕೊಂಡೆ. ಫ್ರಾನ್ಸ್ ಅಂದರೆ ಚೀಸ್ ಎಂದು ಹೊರಗಿನವರು ಅಂದುಕೊಂಡಿರುವುದನ್ನೇ ನಾನೂ ನಂಬಿ, ಮನೆಯ ಮನುಷ್ಯನನ್ನು ಒಂದು ಮಾತು ಕೇಳಲಿಲ್ಲ.

ಇದರಿಂದ ಹಣ ಹೋಯಿತು, ಅದಿರಲಿ. ಹೆಚ್ಚಿನ ನಷ್ಟ ಬೇರೆ. ನಾನು ಅಷ್ಟು ಖರ್ಚು ಮಾಡಿ, ಅಷ್ಟು ಆಸೆಯಿಂದ ಕಾಯುತ್ತಿರುವಾಗ "ನನಗೆ ಇದು ಬೇಡ, ಬೇರೇನೋ ಬೇಕು" ಎಂದು ಹೇಳಲು ಇವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಏನು ಬೇಕು ಎಂದು ಹೇಳುವುದನ್ನೇ ನಿಲ್ಲಿಸಿದರು. ಊಟದ ವಿಷಯದಲ್ಲಿ ಶುರುವಾದದ್ದು ಉಳಿದ ಮಾತಿಗೂ ಹಬ್ಬಿತು. ಆ ಕಾಲವನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಗಂಟು ಬಿಚ್ಚಿದ್ದು ಮೈಸೂರಿನಲ್ಲಿ, ಅಮ್ಮನ ಅಡುಗೆಮನೆಯಲ್ಲಿ. ಅಮ್ಮ ಈಗಲೂ ಕೆನೆ ಕೂಡಿಸಿ, ಹೆಪ್ಪು ಹಾಕಿ, ಮೊಸರು ಕಡೆದೇ ಬೆಣ್ಣೆ ತೆಗೆಯುತ್ತಾರೆ. ಕಡಗೋಲಿನ ಬದಲು ಮಿಕ್ಸಿ ಬಂದಿದೆ, ಅಷ್ಟೇ. ಅಕ್ಕಿ ರೊಟ್ಟಿಯ ಮೇಲೆ ಆ ಬೆಣ್ಣೆ ಹಾಕಿಕೊಟ್ಟರು. ಇವರು ಒಂದು ತುತ್ತು ತಿಂದು, ಉಪ್ಪಿನ ಡಬ್ಬಿ ಕೇಳಿ, ಬೆಣ್ಣೆಯ ಮೇಲೆ ಉದುರಿಸಿಕೊಂಡರು. ಬ್ರೆಡ್ ಇದೆಯಾ ಎಂದರು. ಆಮೇಲೆ ಪಕ್ಕದಲ್ಲಿದ್ದ ಮಜ್ಜಿಗೆ ಕುಡಿದು, ಮದುವೆಯಾದಾಗಿನಿಂದ ಹೇಳದಷ್ಟು ಕತೆ ಅಮ್ಮನಿಗೆ ಹೇಳಿದರು. ನಾನು ನಡುವೆ ಕೂತು ಕನ್ನಡ ಮಾಡಿ ಹೇಳುತ್ತಿದ್ದೆ.

ಫ್ರಾನ್ಸಿನಲ್ಲಿ ಒಳ್ಳೆಯ ಬೆಣ್ಣೆಯನ್ನು ಹೆಪ್ಪು ಹಾಕಿ ಹುಳಿಸಿದ ಕೆನೆಯಿಂದಲೇ ತೆಗೆಯುತ್ತಾರೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಬೆಣ್ಣೆಯಲ್ಲೂ ಉಪ್ಪಿದೆ, ಆದರೆ ಆ ಸಣ್ಣ ಹುಳಿ, ಆ ಘಮ ಇಲ್ಲ. ನಮ್ಮ ಮನೆಯ ಬೆಣ್ಣೆಯಲ್ಲಿ ಇದೆ! ಉಪ್ಪು ಬೆಣ್ಣೆ ಅಂದರೆ ಬ್ರಿಟನಿಯವರಿಗೆ ಪ್ರಾಣ. ಅದಕ್ಕೆ ಹಳೆಯ ಕಾರಣವೂ ಇದೆ. ರಾಜರ ಕಾಲದಲ್ಲಿ ಫ್ರಾನ್ಸಿನ ಬಹುಭಾಗದಲ್ಲಿ ಉಪ್ಪಿನ ಮೇಲೆ ಗಬೆಲ್ ಎಂಬ ತೆರಿಗೆ ಇತ್ತು. ಬ್ರಿಟನಿಗೆ ಅದರಿಂದ ವಿನಾಯಿತಿ. ಗೆರಾಂಡ್‌ನ ಉಪ್ಪಿನ ಗದ್ದೆಗಳೂ ಹತ್ತಿರದಲ್ಲೇ. ಹಾಗಾಗಿ ಬೆಣ್ಣೆ ಕೆಡದಿರಲು ಧಾರಾಳವಾಗಿ ಉಪ್ಪು ಬೆರೆಸುತ್ತಿದ್ದರು. 1790ರಲ್ಲಿ ಕ್ರಾಂತಿ ಸರ್ಕಾರ ಆ ತೆರಿಗೆ ತೆಗೆದುಹಾಕಿತು, ಆದರೆ ಅಭ್ಯಾಸ ಹೋಗಲಿಲ್ಲ. ಇವತ್ತಿಗೂ ಅಲ್ಲಿ ಮಕ್ಕಳು ಶಾಲೆಯಿಂದ ಬಂದರೆ ಬ್ರೆಡ್ಡಿಗೆ ಉಪ್ಪು ಬೆಣ್ಣೆ ಸವರಿ, ಚಾಕೊಲೇಟ್ ತುಂಡಿಟ್ಟು ಕೊಡುತ್ತಾರೆ. ಮಜ್ಜಿಗೆಯೂ ಅಷ್ಟೇ. ಬೆಣ್ಣೆ ತೆಗೆದ ಮೇಲೆ ಉಳಿದದ್ದಕ್ಕೆ ಲೆ ರಿಬೊ ಅನ್ನುತ್ತಾರೆ, ಗಲೆಟ್ ಜೊತೆ ಕುಡಿಯುತ್ತಾರೆ. ಶುಂಠಿ, ಮೆಣಸಿನಕಾಯಿ, ಇಂಗು ಹಾಕದ ಬರೀ ಮಜ್ಜಿಗೆ. ನಾನು ಅಷ್ಟು ದಿನವೂ ಒಗ್ಗರಣೆ ಹಾಕಿಯೇ ಕೊಡುತ್ತಿದ್ದೆ.

ಈಗ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆದು, ನೀರೆಲ್ಲ ಹೋಗುವಂತೆ ಚೆನ್ನಾಗಿ ಒತ್ತಿ ತೆಗೆಯುತ್ತೇನೆ. ನೀರು ಉಳಿದರೆ ಬೇಗ ಕೆಡುತ್ತದೆ. 100 ಗ್ರಾಂ ಬೆಣ್ಣೆಗೆ 2 ಗ್ರಾಂ ಆಗುವಷ್ಟು ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿ ಬೆರೆಸುತ್ತೇನೆ. ಉಪ್ಪಿನ ಕಾಳು ಹಲ್ಲಿಗೆ ಸಿಗಬೇಕು, ಅದೇ ಮುಖ್ಯ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಸಿಕ್ಕರೆ ಬಿಡಬೇಡಿ. ಗೆರಾಂಡ್‌ನ ಹಾಗೆ ಅಲ್ಲೂ ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೇ ಉಪ್ಪು ಮಾಡುತ್ತಾರೆ.

ಗಲೆಟ್ ವಿಷಯದಲ್ಲಿ ನಮಗೆ ಅರ್ಧ ಕೆಲಸ ಗೊತ್ತೇ ಇದೆ. ಕಪ್ಪು ಗೋಧಿ ಎಂದು ಅವರು ಕರೆಯುವುದು ನಮ್ಮಲ್ಲಿ ಕುಟ್ಟು ಹೆಸರಿನಲ್ಲಿ ಸಿಗುತ್ತದೆ. ಉತ್ತರ ಭಾರತದವರು ನವರಾತ್ರಿ ಉಪವಾಸಕ್ಕೆ ತಿನ್ನುವ ಹಿಟ್ಟು ಅದು. ಅದು ಗೋಧಿಯ ಜಾತಿಯೇ ಅಲ್ಲ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಅದರಲ್ಲಿ ಇಲ್ಲ. 330 ಗ್ರಾಂ ಹಿಟ್ಟು, 10 ಗ್ರಾಂ ಉಪ್ಪು, ಮುಕ್ಕಾಲು ಲೀಟರ್ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕೈಯಲ್ಲಿ ಚೆನ್ನಾಗಿ ಬಡಿಯಬೇಕು, ರಾತ್ರಿ ಫ್ರಿಜ್ಜಿನಲ್ಲಿ ಇಡಬೇಕು. ನೆನೆಯದಿದ್ದರೆ ಹರಿದುಹೋಗುತ್ತದೆ. ಅಮ್ಮ ಒಂದು ಹಿಡಿ ಉದ್ದು ಹಾಕೋಣ ಅಂದರು. ಬೇಡ. ಹುದುಗು ಬಂದರೆ ಅದು ದೋಸೆಯೇ ಆಗುತ್ತದೆ, ಗಲೆಟ್ ಆಗುವುದಿಲ್ಲ. ಅಲ್ಲಿ ಬಿಲಿಗ್ ಎಂಬ ದೊಡ್ಡ ಬೀಡು ಕಾವಲಿಯ ಮೇಲೆ ಹಿಟ್ಟು ಹೊಯ್ದು, ಉದ್ದ ಹಿಡಿಯ ಪುಟ್ಟ ಮರದ ಹಲಗೆಯಿಂದ ಒಂದೇ ಸುತ್ತಿನಲ್ಲಿ ಹರಡುತ್ತಾರೆ. ನಮ್ಮ ಬೀಡು ಕಾವಲಿ ಚೆನ್ನಾಗಿಯೇ ಒಗ್ಗುತ್ತದೆ, ಸಿಕ್ಕಾಪಟ್ಟೆ ಕಾದಿರಬೇಕು. ಸೌಟಿನಿಂದ ತಿರುವಿದರೆ ದಪ್ಪವಾಗುತ್ತದೆ, ಹಾಗಾಗಿ ನಾನು ಹಿಟ್ಟು ತೆಳ್ಳಗೆ ಮಾಡಿ, ಕಾವಲಿಯನ್ನೇ ಎತ್ತಿ ತಿರುಗಿಸುತ್ತೇನೆ. ಮೇಲೆ ಬೆಣ್ಣೆ, ನಡುವೆ ಒಂದು ಮೊಟ್ಟೆ, ನಾಲ್ಕು ಅಂಚು ಒಳಗೆ ಮಡಚಿದರೆ ಚೌಕ. ಜೊತೆಗೆ ಮಜ್ಜಿಗೆ. ಅಂಚು ಗರಿಗರಿಯಾಗಿ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ಇವರಿಗೆ ಅದೇ ಬೇಕು.

ಇನ್ನು ರೆಸ್ಟೋರೆಂಟ್. ಮನುಷ್ಯನಿಗೆ ನೆನಪಾಗುವುದು ಮನೆಯ ಅಡುಗೆ. ಬಿಳಿ ಬಟ್ಟೆ ಹಾಸಿದ ಮೇಜಿಗೆ ಹೋಗಿ ಕೂತರೆ ಅದು ಸಿಗುವುದಿಲ್ಲ. ಹಾಗೇ ಸುಮ್ನೆ ಹೋಗಿ ಬನ್ನಿ, ಆದರೆ ಇದಕ್ಕೆ ಅದು ಮದ್ದಲ್ಲ.

ನಿಮ್ಮವರು ಯಾವ ಕಡೆಯವರು ಎಂದು ನೀವು ಬರೆದಿಲ್ಲ. ನನಗೆ ಇರುವ ದೊಡ್ಡ ತಕರಾರು ಅದೇ. ಅವರು ನೀಸ್ ಊರಿನವರಾದರೆ ನೀವು ಹುಡುಕಬೇಕಾದದ್ದು ಕಡಲೆಹಿಟ್ಟು. ಅಲ್ಲಿ ಸೊಕ್ಕಾ ಎಂದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಒಲೆಯಲ್ಲಿ ಬೇಯಿಸಿ, ಕಾಳುಮೆಣಸಿನ ಪುಡಿ ಉದುರಿಸಿ ತಿನ್ನುತ್ತಾರೆ. ಬೆಲ್ಜಿಯಂ ಗಡಿಯ ಲಿಲ್ ಕಡೆಯವರಾದರೆ ಚಿಕೋರಿ ಅವರ ಮನೆಯ ವಾಸನೆ. ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಜಾಸ್ತಿ ಚಿಕೋರಿ ಹಾಕಿಸಿ ತನ್ನಿ, ಮುಖ ನೋಡಿ. ಆಲ್ಪ್ಸ್ ತಪ್ಪಲಿನ ಸವೊಯ್ ಅಥವಾ ಪಕ್ಕದ ಜುರಾ ಕಡೆಯವರಾದರೆ ಮಾತ್ರ ಚೀಸ್ ಸರಿ. ಆಗಲೂ ಮೆತ್ತನೆಯದು ಬೇಡ, ಕೊಂತೆಯಂಥ ಗಟ್ಟಿ ಚೀಸ್ ಪ್ರಯಾಣ ತಡೆಯುತ್ತದೆ.

ಬ್ರೆಡ್ ಮಾತ್ರ ಎಲ್ಲರಿಗೂ ಬೇಕು. ಇದಕ್ಕೆ ನನ್ನ ಹತ್ತಿರ ಪೂರ್ತಿ ಪರಿಹಾರ ಇಲ್ಲ. ಫ್ರಾನ್ಸಿನಲ್ಲಿ 1993ರ ಒಂದು ಆದೇಶದ ಪ್ರಕಾರ ಸಾಂಪ್ರದಾಯಿಕ ಬ್ರೆಡ್ ಎಂದು ಮಾರುವುದನ್ನು ಫ್ರೀಜ್ ಮಾಡುವಂತಿಲ್ಲ, ಕೆಡದಂತೆ ಇಡುವ ರಾಸಾಯನಿಕ ಹಾಕುವಂತಿಲ್ಲ. ಹಾಗಾಗಿ ಬ್ಯಾಗೆಟ್ ಎಂಬ ಕೋಲಿನಂಥ ಉದ್ದ ಬ್ರೆಡ್ಡನ್ನು ಬೆಳಗ್ಗೆ ತಂದರೆ ಸಂಜೆಗೆ ಗಟ್ಟಿ. ಜನ ದಿನಾ ಹೋಗಿ ತರುತ್ತಾರೆ. 2022ರಲ್ಲಿ ಯುನೆಸ್ಕೋ ಬ್ಯಾಗೆಟ್ ಮಾಡುವ ಕೌಶಲವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ನಮ್ಮ ಮೈದಾದಲ್ಲಿ ಮಾಡಲು ಹೋಗಬೇಡಿ, ಆ ಮೇಲ್ಪದರ, ಆ ತೂತುಗಳು ಬರುವುದಿಲ್ಲ. ಬೆಂಗಳೂರಿನಲ್ಲಿ ಈಗ ಹುಳಿಹಿಟ್ಟಿನ ಬ್ರೆಡ್ ಮಾಡುವ ಸಣ್ಣ ಬೇಕರಿಗಳು ಬೇಕಾದಷ್ಟಿವೆ. ನಿಮ್ಮ ಮನೆಗೆ ಹತ್ತಿರದ್ದನ್ನು ಹಿಡಿದುಕೊಳ್ಳಿ, ಒಲೆಯಿಂದ ತೆಗೆಯುವ ಹೊತ್ತು ಕೇಳಿಕೊಂಡು ಆಗಲೇ ಹೋಗಿ. ಇದು ಹುಟ್ಟಿನಿಂದ ಬರುವ ವಿದ್ಯೆ ಅಂತ ನಿಮ್ಮವರು ಅಂದರೆ ಒಪ್ಪಬೇಡಿ. 2023ರಲ್ಲಿ ಪ್ಯಾರಿಸ್ಸಿನ ಅತ್ಯುತ್ತಮ ಬ್ಯಾಗೆಟ್ ಬಹುಮಾನ ಗೆದ್ದು, ಒಂದು ವರ್ಷ ಅಲ್ಲಿನ ಅಧ್ಯಕ್ಷರ ಅರಮನೆಗೆ ಬ್ರೆಡ್ ಕೊಟ್ಟವರು ಶ್ರೀಲಂಕಾದಿಂದ ಹೋದ ತರ್ಶನ್ ಸೆಲ್ವರಾಜ.

ಹಾಗಾದರೆ ಮೊದಲು ಏನು ಮಾಡಬೇಕು? ಅತ್ತೆಗೆ ಫೋನ್ ಮಾಡಿ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಭಾನುವಾರ ಸಂಜೆ ಮಾಡಿದರೆ ಅವರು ಮಧ್ಯಾಹ್ನದ ಊಟ ಮುಗಿಸಿ ಆರಾಮಾಗಿರುತ್ತಾರೆ. "ಫ್ರೆಂಚ್ ಅಡುಗೆ ಏನು ಮಾಡಲಿ" ಎಂದು ಕೇಳಬೇಡಿ, ಅವರೂ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. "ಶಾಲೆಯಿಂದ ಬಂದಾಗ ಏನು ತಿನ್ನುತ್ತಿದ್ದ? ಜ್ವರ ಬಂದಾಗ ಏನು ಕೊಡುತ್ತಿದ್ದಿರಿ? ಸಂಜೆ ಅಡುಗೆ ಮಾಡಲು ಬೇಜಾರಾದಾಗ ಏನು ಮಾಡುತ್ತಿದ್ದಿರಿ?" ಎಂದು ಕೇಳಿ. ನಮ್ಮ ಅತ್ತೆ ಮೂರನೆಯದಕ್ಕೆ ಸಾರ್ಡೀನ್ ಮೀನಿನ ಡಬ್ಬಿ, ಬ್ರೆಡ್ಡು, ಬೆಣ್ಣೆ ಎಂದರು. ಅಂಥ ಡಬ್ಬಿಗಳು ಬ್ರಿಟನಿಯ ಬಂದರುಗಳಲ್ಲೇ ತಯಾರಾಗುತ್ತವೆ. ಅಲ್ಲಿಂದ ಯಾರಾದರೂ ಬರುವಾಗ ಈಗ ನಾವು ಕೇಳುವುದು ಅದನ್ನೇ. ಕೆಡುವ ಭಯವಿಲ್ಲ, ದುಡ್ಡೂ ಜಾಸ್ತಿ ಆಗುವುದಿಲ್ಲ.

ಫೆಬ್ರವರಿ 2 ಕೂಡ ಗುರುತು ಹಾಕಿಟ್ಟುಕೊಳ್ಳಿ. ಅದು ಶಾಂದಲರ್ ಹಬ್ಬ, ಫ್ರಾನ್ಸಿನಲ್ಲಿ ಹೆಚ್ಚಿನ ಮನೆಗಳಲ್ಲಿ ಅವತ್ತು ಕ್ರೆಪ್ ಎಂಬ ತೆಳು ದೋಸೆ ಮಾಡುತ್ತಾರೆ. ಮೈದಾ, ಹಾಲು, ಮೊಟ್ಟೆ, ಬೆಣ್ಣೆ, ಸಕ್ಕರೆ, ಎಲ್ಲ ಮನೆಯಲ್ಲೇ ಇರುವ ಸಾಮಾನು. ನಿಮ್ಮವರು ಯಾವ ಊರಿನವರಾದರೂ ಇದು ನಡೆಯುತ್ತದೆ.

ಕುಟ್ಟು ತರುವುದಾದರೆ ಒಂದು ಎಚ್ಚರಿಕೆ. ನವರಾತ್ರಿ ಮುಗಿದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತ ಹಿಟ್ಟು ಕೊಳ್ಳಬೇಡಿ. ಅದು ಬೇಗ ಕಹಿಯಾಗುತ್ತದೆ. ಹಳೆಯ ಕುಟ್ಟು ಹಿಟ್ಟು ತಿಂದು ಉತ್ತರ ಭಾರತದಲ್ಲಿ ಜನ ಆಸ್ಪತ್ರೆ ಸೇರಿದ ಸುದ್ದಿಯನ್ನು ನೀವೂ ಓದಿರಬಹುದು. ಸಿಪ್ಪೆ ತೆಗೆದ ಇಡೀ ಕಾಳು ತಂದು, ಬೇಕಾದಷ್ಟೇ ಗಿರಣಿಯಲ್ಲಿ ಬೀಸಿಸಿ, ಫ್ರಿಜ್ಜಿನಲ್ಲಿಡಿ. ನಿಮ್ಮವರ ಊರು ಯಾವುದು ಅಂತ ತಿಳಿಸಿ, ಆ ಕಡೆಯದು ನನಗೆ ಏನಾದರೂ ಗೊತ್ತಿದ್ದರೆ ಖಂಡಿತ ಬರೆಯುತ್ತೇನೆ.