ಗಡಿಯಾರವನ್ನು ಹಿಂದೆ ಹಾಕುವುದು ಎಂಜಿನ್ನಿನ ಒತ್ತಡವೇ?

ಜಮಖಂಡಿಯ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬರ ಪತ್ರ: “ಅವಳಿ ಸೋದರಿಯರಲ್ಲಿ ಒಬ್ಬಳು ಬೆಳಕಿನ ವೇಗದ ಹತ್ತಿರಕ್ಕೆ ಓಡುವ ನೌಕೆಯಲ್ಲಿ ಹೋಗಿ ಮರಳಿದರೆ, ಊರಲ್ಲಿ ಉಳಿದವಳಿಗಿಂತ ಕಿರಿಯಳಾಗಿರುತ್ತಾಳೆ ಎಂದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಆದರೆ ಚಲನೆ ಸಾಪೇಕ್ಷವಾದರೆ, ವ್ಯೋಮನೌಕೆಯಲ್ಲಿ ಹೋದವಳು ‘ನಾನು ಇದ್ದಲ್ಲೇ ಇದ್ದೆ, ದೂರ ಸರಿದದ್ದು ಭೂಮಿ’ ಎನ್ನಬಹುದಲ್ಲವೇ? ಅವಳೊಬ್ಬಳೇ ಏಕೆ ಕಿರಿಯಳಾಗಿ ಮರಳಬೇಕು? ವೇಗೋತ್ಕರ್ಷವೇ (ವೇಗ ಅಥವಾ ದಿಕ್ಕು ಬದಲಾಗುವ ದರ) ಗಡಿಯಾರವನ್ನು ನಿಧಾನಗೊಳಿಸುತ್ತದೆ ಎಂದು ಓದಿದ್ದೇನೆ. ಸರಿಯೇ?”

ಸಂಪಾದಕರ ಉತ್ತರ: ನೌಕೆಯವಳು ಹಾಗೆನ್ನಲು ಬರುವುದಿಲ್ಲ. ಎಂಜಿನ್ ಉರಿದೊಡನೆ ಆಸನ ಅವಳ ಬೆನ್ನನ್ನು ಒತ್ತುತ್ತದೆ. ಕೈಬಿಟ್ಟ ಪೆನ್ನು ನೌಕೆಯ ಹಿಂಬದಿಗೆ ಬೀಳುತ್ತದೆ. ಊರಲ್ಲಿ ಉಳಿದ ಅವಳಿ ಸೋದರಿಗೆ ಇದಾವುದೂ ತಟ್ಟದು. ಇಬ್ಬರ ಸ್ಥಿತಿ ಒಂದೇ ಅಲ್ಲವೆಂದು ವೇಗೋತ್ಕರ್ಷ ತೋರಿಸಿಕೊಡುತ್ತದೆ, ಅಷ್ಟೆ. ಗಡಿಯಾರವನ್ನು ಹಿಂದಕ್ಕೆಳೆಯುವ ಕೆಲಸ ಅದರದಲ್ಲ.

ಇದನ್ನು ಅಳೆದು ನೋಡಿದ್ದಾರೆ. ಮ್ಯುವಾನ್ ಎಂಬ ಕಣದ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ; ಅದೇ ಅದರ ಗಡಿಯಾರ. ಜಿನೀವಾದ ಸರ್ನ್ ಪ್ರಯೋಗಾಲಯ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಕಣಗಳನ್ನು 14 ಮೀಟರ್ ವ್ಯಾಸದ ಉಂಗುರದಲ್ಲಿ ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಲಾಗಿತ್ತು. ಸದಾ ತಿರುಗುತ್ತಲೇ ಇದ್ದುದರಿಂದ ಅವು ಅನುಭವಿಸಿದ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 1ರ ಮುಂದೆ 18 ಸೊನ್ನೆಗಳಷ್ಟು ಪಟ್ಟು! ಆಯುಷ್ಯ ಸುಮಾರು 29 ಪಟ್ಟು ಹಿಗ್ಗಿತು. ಅದು ವೇಗದ ಲೆಕ್ಕವೊಂದರಿಂದಲೇ ಬರಬೇಕಾದ ಸಂಖ್ಯೆ. ಅಷ್ಟು ಭೀಕರ ವೇಗೋತ್ಕರ್ಷ ತನ್ನದೆಂದು ಏನನ್ನೂ ಸೇರಿಸಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿಯದು? ವಿಜಯಪುರದಿಂದ ಬೆಳಗಾವಿಗೆ ಒಂದು ಕಾರು ಜಮಖಂಡಿ, ಮುಧೋಳದ ಮೇಲೆ ಹೋಗಲಿ, ಇನ್ನೊಂದು ಬಾಗಲಕೋಟೆ ಸುತ್ತಿ ಬರಲಿ. ಮೀಟರುಗಳು ಬೇರೆ ಬೇರೆ ಅಂಕೆ ತೋರಿಸುತ್ತವೆ. ಸ್ಟಿಯರಿಂಗ್ ತಿರುಗಿಸಿದ್ದು ಕಿಲೋಮೀಟರನ್ನು ಹುಟ್ಟಿಸಲಿಲ್ಲ, ದಾರಿಯೇ ಬೇರೆಯಾಯಿತು. ದೇಶಕಾಲದಲ್ಲೂ, ಅಂದರೆ ಸ್ಥಳ ಮತ್ತು ಕಾಲ ಒಂದಾಗಿ ಹೆಣೆದುಕೊಂಡ ಹರವಿನಲ್ಲೂ, ಗಡಿಯಾರ ತಾನು ನಡೆದ ದಾರಿಯನ್ನೇ ಅಳೆಯುತ್ತದೆ. ಒಂದೇ ಒಂದು ವಿಚಿತ್ರವೆಂದರೆ, ಅಲ್ಲಿ ಬಳಸಿ ಬಂದವರಿಗೇ ಕಡಿಮೆ ಕಾಲ ಕಳೆದಿರುತ್ತದೆ. ಈ ತಿರುವುಮುರುವು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಈಗ ನೌಕೆಗೆ ಬರೋಣ. ಭೂಮಿಯ ಗುರುತ್ವದಷ್ಟೇ ಒತ್ತಡದಲ್ಲಿ, ನೌಕೆಯ ಗಡಿಯಾರದಂತೆ ಒಂದು ವರ್ಷ ಸಾಗಿದರೆ ವೇಗ ಬೆಳಕಿನ ವೇಗದ ಶೇಕಡ 77. ಆದರೂ ಭೂಮಿಯಲ್ಲಿ ಹೆಚ್ಚು ಕಳೆಯುವುದು ಎರಡು ತಿಂಗಳಷ್ಟೇ. ಐದು ವರ್ಷ ಸಾಗಿದರೆ ಇಲ್ಲಿ ಸುಮಾರು 84 ವರ್ಷ! ಐದು ವರ್ಷ ವೇಗ ಏರಿಸಿ, ಐದು ವರ್ಷ ಇಳಿಸಿ, ಹಾಗೆಯೇ ಮರಳಿದರೆ ಅವಳಿಗೆ 20 ವರ್ಷ, ನಮಗೆ ಸುಮಾರು 335. ಔರಂಗಜೇಬ 1686ರಲ್ಲಿ ವಿಜಯಪುರವನ್ನು ಗೆದ್ದ ಕಾಲಕ್ಕೆ ಹೊರಟ ಯುವತಿ ನಮ್ಮ ದಿನಗಳಲ್ಲಿ ನಡುವಯಸ್ಸಿನವಳಾಗಿ ಬಂದಿಳಿಯುತ್ತಿದ್ದಳು. ಅಂಥ ನೌಕೆಗೆ ಬೇಕಾದ ಇಂಧನ ಇಂದು ಯಾರ ಕೈಗೂ ಎಟುಕದು, ಅದು ಬೇರೆ ಮಾತು.

ಈ ಅಂಕಿಗಳನ್ನು ನಂಬಿ ಬಿಡಬೇಡಿ, ನೀವೇ ಲೆಕ್ಕ ಮಾಡಿ. ನೌಕೆಯ ವರ್ಷಗಳನ್ನು 0.97ರಿಂದ (ಬೆಳಕಿನ ವೇಗವನ್ನು ಭೂಮಿಯ ಗುರುತ್ವದಿಂದ ಭಾಗಿಸಿದರೆ ಬರುವ ವರ್ಷಗಳು) ಭಾಗಿಸಿ, ಬಂದದ್ದರ ಹೈಪರ್‌ಬಾಲಿಕ್ ಸೈನ್ (ಕ್ಯಾಲ್ಕುಲೇಟರಿನಲ್ಲಿ sinh) ತೆಗೆದು, 0.97ರಿಂದ ಗುಣಿಸಿ. ಏಳು ವರ್ಷಕ್ಕೆ ಎಷ್ಟು ಬರುತ್ತದೆಂದು ಬರೆದು ಕಳುಹಿಸಿ.