ಪ್ರತಿಕ್ರಿಯೆ: ಕುಂಡದಲ್ಲಿರೋ ಮರಹತ್ತಿ ಮೊಗ್ಗು ಬಿಟ್ಟು ಉದುರಿಸ್ತಿದೆ, ಕಾಯಿ ಕಟ್ತಿಲ್ಲ

ಗಿಡ ಎತ್ತರಕ್ಕೆ ಹೋಗಿದೆ, ಎಲೆ ಕಡು ಹಸಿರು, ವಾರವಾರ ಗೊಬ್ಬರ ಹಾಕ್ತೀನಿ ಅಂದ್ರಲ್ಲ, ಬಹುಶಃ ನೈಟ್ರೋಜನ್ ಜಾಸ್ತಿ ಆಗಿದೆ, ಬಿಸಿಲು ಕಮ್ಮಿ. ನೋಡದೆ ನೂರಕ್ಕೆ ನೂರು ಹೇಳಕ್ಕಾಗಲ್ಲ, ಹುಳದ ಕಾಟಾನೂ ಇರಬಹುದು.

ಅದಕ್ಕೇ ಮೊದಲು ಉದುರಿದ ಮೊಗ್ಗು ನಾಲ್ಕೈದು ಎತ್ಕೊಂಡು ಸೀಳಿ ನೋಡಿ. ಸಣ್ಣ ತೂತು, ಒಳಗೆ ಹಿಕ್ಕೆ ಅಥವಾ ಮರಿಹುಳ ಕಂಡ್ರೆ ಅದು ಕಾಯಿಕೊರಕ, ಬಿದ್ದಿದ್ದನ್ನೆಲ್ಲ ಆರಿಸಿ ನಾಶ ಮಾಡಿ, ಗಿಡದಲ್ಲಿರೋ ತೂತು ಮೊಗ್ಗೂ ಕಿತ್ತುಬಿಡಿ, ಸಂಜೆ ಹೊತ್ತು ಬೇವಿನೆಣ್ಣೆ ಸ್ಪ್ರೇ ಮಾಡಿ (ಮೊಗ್ಗಿನ ಒಳಗೆ ಸೇರ್ಕೊಂಡಿರೋ ಹುಳಕ್ಕೆ ಇದು ತಟ್ಟಲ್ಲ, ಹೊಸದಾಗಿ ಬರೋದು ಕಮ್ಮಿ ಆಗುತ್ತೆ ಅಷ್ಟೇ).

ತೂತು ಇಲ್ಲ ಅಂದ್ರೆ ಗೊಬ್ಬರ ಪೂರ್ತಿ ನಿಲ್ಲಿಸಿ, ಕುಂಡಾನ ದಿನಕ್ಕೆ 6 ಗಂಟೆಗೂ ಜಾಸ್ತಿ ನೇರ ಬಿಸಿಲು ಬೀಳೋ ಕಡೆ ಇಡಿ. ನೀರು ಮೇಲ್ಮಣ್ಣು ಒಣಗಿದ ಮೇಲೆ ಕೊಡಿ, ಕೊಟ್ಟಾಗ ತಳದಿಂದ ಹರಿಯೋ ಹಾಗೆ ಕೊಡಿ. ಒಂದಿನ ಬರ ಒಂದಿನ ಕೆಸರು ಮಾಡಿದ್ರೆ ಮೊಗ್ಗು ಖಂಡಿತ ಉದುರುತ್ತೆ. ಸ್ವಲ್ಪ ಉದುರೋದು ಹತ್ತಿಗೆ ಸಹಜ, ಪ್ರತಿ ಮೊಗ್ಗೂ ಕಾಯಾಗಲ್ಲ.

ಕುಂಡ ಬದಲಾಯಿಸೋ ಯೋಚನೆ ಈಗ ಬೇಡ, ಇದರ ತಾಯಿಬೇರು ಆಳಕ್ಕಿಳಿಯೋದು, ಕೆದಕಿದ್ರೆ ಇರೋ ಮೊಗ್ಗೂ ಹೋಗುತ್ತೆ. ಕೈಯಾರೆ ಪರಾಗಸ್ಪರ್ಶ ಮಾಡ್ಬೇಕಾ ಅಂತ ಕೇಳಿದ್ರಿ, ಬೇಡ, ಹತ್ತಿ ತನ್ನಷ್ಟಕ್ಕೆ ತಾನೇ ಕಟ್ಟುತ್ತೆ. ಉದ್ದ ಬೆಳೆದಿರೋ ತುದಿ ಮಾತ್ರ ಚಿವುಟಿ, ಪಕ್ಕದ ರೆಂಬೆ ಬರ್ತವೆ. ಹೂ ಆದ್ಮೇಲೆ ಕಾಯಿ ಒಡೆಯೋಕೆ ಸುಮಾರು ಒಂದೂವರೆಯಿಂದ ಎರಡು ತಿಂಗಳು ಬೇಕು, ಅವಸರ ಮಾಡಿ ಕೀಳ್ಬೇಡಿ.