ಬಾವುಟ ಹಾಕಿದರೆ ‘ಐ ಎನ್’ ಅಂತ ಬರುತ್ತಿದೆ, ಯಾಕೆ?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಅದರ ವೆಬ್‌ಸೈಟಿನಲ್ಲಿ ವಿಳಾಸದ ಪಕ್ಕ ಭಾರತದ ಬಾವುಟದ ಇಮೋಜಿ ಹಾಕಿದ್ದೇನೆ. ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಕಂಪ್ಯೂಟರಿನಲ್ಲಿ ‘ಐ ಎನ್’ ಎಂಬ ಇಂಗ್ಲಿಷ್ ಅಕ್ಷರಗಳಷ್ಟೇ ಬರುತ್ತವೆ. ಆಗಸ್ಟ್ 15ಕ್ಕೆ ನಮ್ಮ ಒಕ್ಕದ (ಕುಟುಂಬ ಬಳಗದ) ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿದ ಬಾವುಟ ನೈಜರ್ ದೇಶದ್ದು ಎಂದು ಹುಡುಗರು ನಕ್ಕರು. ಅದಿರಲಿ, ಕರ್ನಾಟಕದ್ದೋ ಕೊಡಗಿನದ್ದೋ ಬಾವುಟ ಇಮೋಜಿಯಲ್ಲಿ ಯಾಕಿಲ್ಲ?

ಉತ್ತರ: ನಿಮ್ಮ ವೆಬ್‌ಸೈಟ್ ಕೆಟ್ಟಿಲ್ಲ. ದೇಶದ ಬಾವುಟದ ಇಮೋಜಿ ಒಳಗೆ ಚಿತ್ರವೇ ಅಲ್ಲ, ಎರಡು ವಿಶೇಷ ಅಕ್ಷರಗಳ ಜೋಡಿ. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಯೂನಿಕೋಡ್‌ನವರು (ಅಕ್ಷರ, ಇಮೋಜಿಗಳಿಗೆಲ್ಲ ಸಂಕೇತ ಗೊತ್ತುಮಾಡುವ ಸಂಸ್ಥೆ) ತಲೆ ಕೊಡಲಿಲ್ಲ. 2010ರಲ್ಲಿ ಇಂಥ 26 ಅಕ್ಷರಗಳನ್ನು ಕೊಟ್ಟು, ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ದೇಶ-ಸಂಕೇತದಂತೆ ಜೋಡಿಸಿಕೊಳ್ಳಿ ಎಂದರು. ‘ಐ’ ಮತ್ತು ‘ಎನ್’ ಸೇರಿದರೆ ಭಾರತ. ಆ ಜೋಡಿಗೆ ಬಾವುಟದ ಚಿತ್ರ ಬಿಡಿಸುವುದೋ ಬಿಡುವುದೋ ಫೋನ್, ಕಂಪ್ಯೂಟರ್ ಕಂಪನಿಗೆ ಬಿಟ್ಟದ್ದು. ಚೀನಾದ ಐಫೋನುಗಳಲ್ಲಿ ತೈವಾನ್ ಬಾವುಟ ಕಾಣಿಸದಿರುವುದು ಹೀಗೆಯೇ. ಮೈಕ್ರೋಸಾಫ್ಟ್ ಅಂತೂ ವಿಂಡೋಸ್‌ನಲ್ಲಿ ಯಾವ ದೇಶದ ಬಾವುಟವನ್ನೂ ಬಿಡಿಸಿಲ್ಲ. ಹಾಗಾಗಿ ಕ್ರೋಮ್‌ನಲ್ಲಿ ಬರೀ ಅಕ್ಷರ ಉಳಿಯುತ್ತದೆ. ಫೈರ್‌ಫಾಕ್ಸ್ ತನ್ನದೇ ಫಾಂಟ್ ಇಟ್ಟುಕೊಂಡಿರುವುದರಿಂದ ಅದರಲ್ಲಿ ಬಾವುಟ ಕಂಡೀತು. ವೆಬ್‌ಸೈಟಿಗಾದರೆ ಇಮೋಜಿ ಬಿಟ್ಟು ಬಾವುಟದ ಸಣ್ಣ ಚಿತ್ರವನ್ನೇ ಹಾಕಿ.

ನೈಜರ್ ವಿಷಯಕ್ಕೆ ನಾಚಬೇಡಿ, ಬಹಳ ಜನ ಎಡವುವ ಜಾಗ ಅದು. ಅಲ್ಲೂ ಕಿತ್ತಳೆ, ಬಿಳಿ, ಹಸಿರು ಪಟ್ಟಿಗಳೇ. ನಡುವೆ ನೀಲಿ ಚಕ್ರದ ಬದಲು ಕಿತ್ತಳೆ ಬಣ್ಣದ ಬೊಟ್ಟು. ಕಣ್ಣಳತೆಯಲ್ಲಿ ಆರಿಸಬೇಡಿ, ಇಮೋಜಿ ಹುಡುಕುವಲ್ಲಿ ‘ಇಂಡಿಯಾ’ ಎಂದು ಟೈಪ್ ಮಾಡಿ.

ಇನ್ನು ಕರ್ನಾಟಕ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬಾವುಟಗಳು 2017ರಲ್ಲಿ ಬಂದವು: ಕಪ್ಪು ಬಾವುಟದ ಬೆನ್ನಿಗೆ ಕಣ್ಣಿಗೆ ಕಾಣದ ಸಂಕೇತಾಕ್ಷರಗಳನ್ನು ಅಂಟಿಸುವ ಉಪಾಯ. ಅದೇ ದಾರಿಯಲ್ಲಿ ಕರ್ನಾಟಕಕ್ಕೂ ನಿಯಮಬದ್ಧವಾದ ಸಂಕೇತವಿದೆ! ಆದರೆ ಅದನ್ನು ಬಿಡಿಸಿದವರಿಲ್ಲ, ಕಳಿಸಿದರೆ ಎದುರಿನವರಿಗೆ ಕಾಣುವುದು ಬರೀ ಕಪ್ಪು ಬಾವುಟ. ರಾಜ್ಯೋತ್ಸವದ ದಿನ ಅದು ತಲುಪಿದರೆ ಏನಾದೀತು ಯೋಚಿಸಿ. ಹೊಸ ಬಾವುಟಗಳ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಯೂನಿಕೋಡ್ 2022ರಲ್ಲೇ ಹೇಳಿಬಿಟ್ಟಿದೆ. ಕನ್ನಡಿಗರು ಕಂಡುಕೊಂಡ ಹಳದಿ ಹೃದಯ, ಕೆಂಪು ಹೃದಯದ ಜೋಡಿಯೇ ನನಗೆ ಹಿಡಿಸುತ್ತದೆ. ಯಾರ ಅಪ್ಪಣೆಯೂ ಬೇಡ, ವಿಂಡೋಸ್‌ನಲ್ಲೂ ಕಾಣುತ್ತದೆ. ಹಳದಿ ಮೊದಲು ಬರಲಿ.

ಕೊಡಗಿಗೆ ಅಂಥ ಸಂಕೇತವೂ ಇಲ್ಲ. ರಾಜ್ಯಗಳಿಗೆ ಸಂಕೇತ ಕೊಡುವ ಪಟ್ಟಿಯಲ್ಲಿ ಭಾರತದ ಜಿಲ್ಲೆಗಳು ಇಲ್ಲ. ಕಾಫಿ ಕಪ್ಪನ್ನೋ, ಹಾಕಿ ಆಟದ ಕೋಲನ್ನೋ ಬಳಸಿಕೊಳ್ಳಬಹುದು. ಆದರೆ ಹಾಕಿ ಆಟಕ್ಕೆ ಎರಡು ಇಮೋಜಿ ಇವೆ, ನೋಡಿ ಆರಿಸಿ. ಕಪ್ಪು ಬಿಲ್ಲೆ ಇರುವುದು ಐಸ್ ಹಾಕಿ, ಚೆಂಡು ಇರುವುದು ನಮ್ಮದು. ಕೊಡವ ಕುಟುಂಬಗಳ ಕೌಟುಂಬಿಕ ಹಾಕಿ ಪಂದ್ಯಾವಳಿಯ ಆಹ್ವಾನ ಪತ್ರಿಕೆಯಲ್ಲೇ ಐಸ್ ಹಾಕಿಯ ಇಮೋಜಿ ನೋಡಿದ್ದೇನೆ.